ಕೊರೆಯುವ ಮುನ್ನ ಒಂದು ಮಾತು

ಬೆಳಗಿನ ಹೊತ್ತು ಮನಸ್ಸು ದೊಡ್ಡ ವಿಷಯಗಳನ್ನೇ ಹಿಡಿಯಬೇಕೆಂಬ ನಿಯಮವಿಲ್ಲ. ಈ ದಿನ ನನ್ನ ಮನಸ್ಸು ನಿಂತಿರುವುದು ಒಂದು ತೂತಿನ ಮೇಲೆ. ಹೊಸ ಕಾರಿನ ಮುಂದಿನ ಬಂಪರ್‌ಗೆ ನಂಬರ್ ಪ್ಲೇಟ್ ಕೂಡಿಸಲು ಡ್ರಿಲ್ ಮಷಿನ್ನಿನಿಂದ ಕೊರೆಯುತ್ತಾರಲ್ಲ, ಕೆಲವೇ ಮಿಲಿಮೀಟರಿನ ಆ ತೂತು. ಕೊರೆಯಲು ಬೇಕಾಗುವುದು ಎರಡು ಕ್ಷಣ. ಆಮೇಲೆ ಆ ಗಾಡಿ ಇರುವಷ್ಟು ಕಾಲ ಅದು ಇರುತ್ತದೆ. ಗೀಚು ಬಿದ್ದರೆ ಪಾಲಿಶ್ ಹಾಕಿಸಬಹುದು, ಬಣ್ಣ ಹೋದರೆ ಬಳಿಸಬಹುದು. ತೂತಿಗೆ ಬಿರಟೆ ಹಾಕಬಹುದೇ ಹೊರತು ಅದನ್ನು ಇಲ್ಲವಾಗಿಸಲು ಆಗುವುದಿಲ್ಲ.

ಅರಸೀಕೆರೆ, ಬೇಲೂರು, ಹಳೇಬೀಡಿನ ಕಡೆಯವರು ಹೊಸ ಗಾಡಿ ತರಲು ಹೆಚ್ಚಾಗಿ ಹಾಸನಕ್ಕೋ ತಿಪಟೂರಿಗೋ ಹೋಗುತ್ತಾರೆ. ನಮ್ಮ ಬೀದಿಯ ಹಿರಿಯರೊಬ್ಬರು ಕೊಬ್ಬರಿ ದುಡ್ಡು ಕೈಗೆ ಬಂದಾಗ ಸಣ್ಣ ಕಾರೊಂದನ್ನು ಕೊಂಡರು. ಡೆಲಿವರಿಯ ದಿನ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಹೂವಿನ ಹಾರ, ನಿಂಬೆಹಣ್ಣು, ಕುಂಕುಮ ಎಲ್ಲ ಸಿದ್ಧವಾಗಿತ್ತು. ಅಷ್ಟರಲ್ಲಿ ಶೋರೂಮಿನ ಹುಡುಗ ಪ್ಲೇಟನ್ನೂ ಡ್ರಿಲ್ ಮಷಿನ್ನನ್ನೂ ಹಿಡಿದು ಬಂದು ಬಂಪರ್ ಮುಂದೆ ಕುಕ್ಕರಗಾಲಿನಲ್ಲಿ ಕುಳಿತ. ಹಿರಿಯರು ಕೈ ಅಡ್ಡ ಮಾಡಿದರು.

"ಸ್ವಲ್ಪ ತಡಿಯಪ್ಪ. ಎಲ್ಲಿ ತೂತು ಮಾಡ್ತೀಯ, ಮೊದ್ಲು ತೋರ್ಸು."

"ಎಲ್ಲಾ ಗಾಡೀಗೂ ಹಿಂಗೇ ಮಾಡೋದು ಯಜಮಾನ್ರೇ."

"ಮಾಡು, ಪ್ಲೇಟ್ ಬ್ಯಾಡ ಅನ್ನಲ್ಲ. ಕಂಪನಿಯೋರೇ ಜಾಗ ಬಿಟ್ಟಿದ್ದಾರಾ ನೋಡು. ಬಿಟ್ಟಿದ್ರೆ ಹೊಸ ತೂತು ಯಾಕೆ?"

ಹುಡುಗ ಬಗ್ಗಿ ಬಂಪರ್ ಸವರಿ ನೋಡಿದ. ಪ್ಲೇಟ್ ಕೂರಲೆಂದೇ ಮಾಡಿದ ಜಾಗವಿತ್ತು, ಸ್ಕ್ರೂ ಹಿಡಿಯುವ ಗುರುತುಗಳೂ ಇದ್ದವು. ಅದಕ್ಕೆ ಹೊಂದುವ ಫ್ರೇಮನ್ನು ಒಳಗಿನಿಂದ ತಂದು ಕೂಡಿಸಿದ. ಹೆಚ್ಚೆಂದರೆ ಹತ್ತು ನಿಮಿಷ ತಡವಾಗಿರಬೇಕು. ಜಗಳವಿಲ್ಲ, ದನಿ ಏರಿಸಿದ್ದಿಲ್ಲ. ಹೊರಡುವಾಗ ಹುಡುಗನೇ ಪ್ಲೇಟನ್ನೊಮ್ಮೆ ಒರೆಸಿ ಕೊಟ್ಟ.

ಆ ಕೈ ಅಡ್ಡ ಮಾಡಿದ್ದು ನನಗೆ ದೊಡ್ಡದಾಗಿ ಕಂಡಿತು. ಮುಂದಿನ ಪ್ಲೇಟೇ ಬೇಡ ಎಂದು ಅವರು ಹೇಳಲಿಲ್ಲ. ನಮ್ಮ ದೇಶದಲ್ಲಿ ಹಾಗೆ ಹೇಳುವಂತೆಯೂ ಇಲ್ಲ. ಹಿಂದೆಯೂ ಮುಂದೆಯೂ ಪ್ಲೇಟ್ ಇರಲೇಬೇಕು. 2019ರ ಏಪ್ರಿಲ್ 1ರಿಂದ ಹೊಸ ಗಾಡಿಗಳಿಗೆಲ್ಲ ಅತಿ ಸುರಕ್ಷಿತ ನೋಂದಣಿ ಫಲಕ, ಎಂದರೆ ನಾವೆಲ್ಲ ಎಚ್‌ಎಸ್‌ಆರ್‌ಪಿ ಎನ್ನುವುದು, ಕಡ್ಡಾಯವಾಗಿದೆ. ಅಲ್ಯೂಮಿನಿಯಂ ತಗಡು, ಎಡಮೇಲ್ತುದಿಯಲ್ಲಿ ಅಶೋಕ ಚಕ್ರದ ಹೊಲೊಗ್ರಾಂ, ಲೇಸರ್‌ನಿಂದ ಕೊರೆದ ಗುರುತಿನ ಸಂಖ್ಯೆ, ಒಮ್ಮೆ ಕೂಡಿಸಿದರೆ ಬಿಚ್ಚಿ ಮತ್ತೆ ಬಳಸಲಾಗದ ಸ್ನ್ಯಾಪ್ ಲಾಕ್. ಕಳ್ಳತನವಾದ ಗಾಡಿಗೆ ಬೇರೆ ನಂಬರ್ ಸಿಕ್ಕಿಸಿ ಓಡಿಸುವುದನ್ನು ತಡೆಯಲು ಬಂದ ವ್ಯವಸ್ಥೆ ಇದು. ನಾನು ಅದರ ಪರ. ಗಟ್ಟಿಯಾಗಿ ಕೂರಬೇಕಾದ ಪ್ಲೇಟಿಗೆ ತೂತು ಬೇಕಾದೀತು ಎಂಬುದನ್ನೂ ಒಪ್ಪುತ್ತೇನೆ. ಆದರೆ ಬೇಕಾದ ತೂತು ಬೇರೆ, ಕೈಗೆ ಬಂದ ಕಡೆ ಕೊರೆದ ತೂತು ಬೇರೆ. ಹಿರಿಯರು ಕೇಳಿದ್ದು ಇವೆರಡರ ನಡುವಿನ ವ್ಯತ್ಯಾಸವನ್ನು.

ಇದನ್ನು ನಮ್ಮ ಜಿಲ್ಲೆಯ ಹಳೆಯ ಗಾಡಿಗಳು ಚೆನ್ನಾಗಿ ಬಲ್ಲವು. 2019ರ ಏಪ್ರಿಲ್‌ಗಿಂತ ಮೊದಲು ನೋಂದಣಿಯಾದ ವಾಹನಗಳೂ ಎಚ್‌ಎಸ್‌ಆರ್‌ಪಿ ಹಾಕಿಸಬೇಕೆಂದು ಕರ್ನಾಟಕ ಸರ್ಕಾರ 2023ರ ಆಗಸ್ಟ್‌ನಲ್ಲಿ ಆದೇಶಿಸಿತು. ರಾಜ್ಯದಲ್ಲಿ ಅಂಥವು ಸುಮಾರು 2 ಕೋಟಿ ಎಂದು ಲೆಕ್ಕ. ಮೊದಲ ಗಡುವು ಆ ವರ್ಷದ ನವೆಂಬರ್ 17. ಆಮೇಲೆ ಅದು ಮತ್ತೆ ಮತ್ತೆ ಮುಂದಕ್ಕೆ ಹೋಯಿತು. ಮೊಬೈಲಿನಲ್ಲಿ ಬುಕ್ ಮಾಡಿ, ಕೊಟ್ಟ ದಿನ ಗಾಡಿ ತೆಗೆದುಕೊಂಡು ಹೋಗಿ ಸಾಲಿನಲ್ಲಿ ನಿಂತವರು ನಮ್ಮೂರಿನಲ್ಲೂ ಎಷ್ಟೋ ಮಂದಿ. ಹಳೆಯ ಪ್ಲೇಟಿನ ತೂತಿಗೂ ಹೊಸ ಪ್ಲೇಟಿನ ತೂತಿಗೂ ಎಲ್ಲ ಗಾಡಿಗಳಲ್ಲಿ ತಾಳೆಯಾಗಲಿಲ್ಲ. ಆಗದಿದ್ದಲ್ಲಿ ಮತ್ತೆ ಕೊರೆದರು. ಕೆಎ 13 ಎಂದು ಶುರುವಾಗುವ ನಮ್ಮ ಹಾಸನದ ಪ್ಲೇಟುಗಳ ಪಕ್ಕದಲ್ಲಿ, ಹಳೆಯ ಸ್ಕ್ರೂ ಕಿತ್ತ ತೂತುಗಳು ಬಾಯಿ ತೆರೆದುಕೊಂಡಿರುವುದನ್ನು ಬಸ್ ಸ್ಟ್ಯಾಂಡಿನ ಬಳಿ ನಿಂತರೆ ಈಗಲೂ ನೋಡಬಹುದು.

ತೂತಿನಿಂದ ಆಗುವುದೇನು ಎಂದು ಕೇಳುವವರಿದ್ದಾರೆ. ಈಗಿನ ಬಂಪರ್‌ಗಳು ಪ್ಲಾಸ್ಟಿಕ್ಕಿನವು, ತುಕ್ಕು ಹಿಡಿಯುವುದಿಲ್ಲ, ನಿಜ. ಆದರೆ ಅಂಚಿಗೆ ಹತ್ತಿರ ಕೊರೆದು ಸ್ಕ್ರೂ ಬಿಗಿದರೆ ಬಿರುಕು ಅಲ್ಲಿಂದಲೇ ಹೊರಡುತ್ತದೆ. ನಮ್ಮ ಹಳ್ಳಿ ರಸ್ತೆಯ ಕುಲುಕಾಟಕ್ಕೆ ಅದು ಉದ್ದವಾಗುತ್ತದೆ. ಬಂಪರ್ ಹಿಂದೆ ಏನಿದೆಯೆಂದು ನೋಡದೆ ಉದ್ದನೆಯ ಬಿಟ್ ತೂರಿಸಿದರೆ ಸೆನ್ಸರಿನ ವೈರಿಗೆ ತಗುಲಬಹುದು. ಕೆಲವು ಹೊಸ ಕಾರುಗಳಲ್ಲಿ ಮುಂದಿನ ವಾಹನದ ದೂರ ಅಳೆಯುವ ರಾಡಾರ್ ಕೂಡ ಅಲ್ಲೇ ಎಲ್ಲೋ ಇರುತ್ತದೆ. ಹಿಂಬದಿಯ ಬಾಗಿಲು ತಗಡಿನದು. ಅಲ್ಲಿ ಬಣ್ಣವನ್ನೂ ಅದರ ಕೆಳಗಿನ ರಕ್ಷಣೆಯ ಪದರವನ್ನೂ ಸೀಳಿ ತೂತು ಬಿತ್ತೆಂದರೆ, ಕಚ್ಚಾ ಅಂಚಿಗೆ ಮಳೆನೀರು ತಾಗಿ ತುಕ್ಕು ಒಳಗಿಂದ ಬೆಳೆಯುತ್ತದೆ. ಸಕಲೇಶಪುರದ ಕಡೆ ಮಳೆಯಲ್ಲಿ ಓಡಾಡುವ ಗಾಡಿಗಳವರನ್ನು ಕೇಳಿ.

ಲಾಭ ನಷ್ಟ ಒತ್ತಟ್ಟಿಗಿರಲಿ. ಹಲವು ವರ್ಷ ಕಂತು ಕಟ್ಟಬೇಕಾದ ವಸ್ತುವಿಗೆ ನಮ್ಮ ಕಣ್ಣೆದುರೇ ಯಾರೋ ತೂತು ಕೊರೆಯುವಾಗ ನಾವು ಸುಮ್ಮನೆ ನಿಲ್ಲುತ್ತೇವೆ. ಯಾಕೆ? ಸಂಕೋಚ. ಶುಭದ ದಿನ ತಕರಾರು ಏಕೆ ಎಂಬ ಭಾವ. ಅವರಿಗೆ ಗೊತ್ತಿರುತ್ತೆ ಬಿಡು ಎಂಬ ನಂಬಿಕೆ. ಡ್ರಿಲ್ ಹಿಡಿದ ಹುಡುಗನಿಗೋ ಸಂಜೆಯೊಳಗೆ ಇನ್ನೂ ಹಲವು ಗಾಡಿ ಕಳಿಸಬೇಕು. ಅವನಲ್ಲಿ ಕೆಟ್ಟತನವೇನೂ ಇಲ್ಲ, ಅವನಿಗೆ ಕಲಿಸಿದ್ದು ಹಾಗೆ. ಹೀಗೆ ಒಬ್ಬರ ಸಂಕೋಚ, ಇನ್ನೊಬ್ಬರ ಆತುರ ಸೇರಿದಾಗ ಯಾರೂ ಬಯಸದ ತೂತೊಂದು ಬೀಳುತ್ತದೆ.

ಮಗುವಿಗೆ ಕಿವಿ ಚುಚ್ಚಿಸುವ ದಿನ ನಮ್ಮ ಮನೆಗಳಲ್ಲಿ ಏನು ಮಾಡುತ್ತೇವೆ ನೋಡಿ. ಅಕ್ಕಸಾಲಿ ಮೊದಲು ಎರಡೂ ಕಿವಿಗೆ ಚುಕ್ಕೆ ಇಡುತ್ತಾನೆ. ಅಜ್ಜಿ ನೋಡುತ್ತಾಳೆ, ಸೋದರಮಾವ ನೋಡುತ್ತಾನೆ, ಒಂದು ಮೇಲಾಯ್ತು ಒಂದು ಕೆಳಗಾಯ್ತು ಎಂದು ಒರೆಸಿ ಮತ್ತೆ ಇಡಿಸುತ್ತಾರೆ. ಎಲ್ಲರೂ ಹೂಂ ಅಂದ ಮೇಲೆಯೇ ತಂತಿ ಒಳಗೆ ಹೋಗುವುದು. ಒರೆಸಬಹುದಾದ ಗುರುತು ಮೊದಲು, ಒರೆಸಲಾಗದ್ದು ಆಮೇಲೆ. ಇಷ್ಟು ತಾಳ್ಮೆ ನಮ್ಮಲ್ಲಿ ಇದ್ದೇ ಇದೆ.

ಬೇಲೂರಿನಲ್ಲಿ ಇದೇ ಕ್ರಮ ಒಂದು ಐತಿಹ್ಯವಾಗಿ ಉಳಿದಿದೆ. ಚೆನ್ನಕೇಶವ ದೇವಾಲಯದ ಆವರಣದಲ್ಲಿಯೇ, ಶಾಂತಲಾದೇವಿ ಕಟ್ಟಿಸಿದ ಗುಡಿಯಲ್ಲಿ ಕಪ್ಪೆ ಚೆನ್ನಿಗರಾಯನಿದ್ದಾನೆ. ಶಿಲ್ಪಿ ಜಕಣಾಚಾರಿ ಕೆತ್ತಿದ ಆ ಮೂರ್ತಿಯಲ್ಲಿ ದೋಷವಿದೆ ಎಂದು ಪರವೂರಿನ ಹುಡುಗನೊಬ್ಬ ಹೇಳಿದನಂತೆ. ಡಂಕಣಾಚಾರಿ ಎಂಬ ಆ ಹುಡುಗ ಜಕಣನ ಮಗನೇ ಎಂಬುದು ಆಗ ಇಬ್ಬರಿಗೂ ತಿಳಿಯದು. ದೋಷ ತೋರಿಸಿದರೆ ಬಲಗೈ ಕತ್ತರಿಸಿಕೊಳ್ಳುತ್ತೇನೆ ಎಂದ ಶಿಲ್ಪಿ. ಹುಡುಗ ತಕ್ಷಣ ಉಳಿ ಎತ್ತಿಕೊಳ್ಳಲಿಲ್ಲ. ಮೂರ್ತಿಗೆಲ್ಲ ಗಂಧ ಬಳಿಸಿದ. ಬೇರೆಲ್ಲ ಕಡೆ ಗಂಧ ಒಣಗಿತು, ಹೊಕ್ಕುಳ ಬಳಿ ಮಾತ್ರ ಹಸಿಯಾಗಿಯೇ ಉಳಿಯಿತು. ಆಮೇಲೆ ಅಲ್ಲಿ, ಅಷ್ಟೇ ಜಾಗದಲ್ಲಿ ಉಳಿ ಇಟ್ಟ. ಒಳಗಿನಿಂದ ನೀರು, ಮರಳು, ಕಪ್ಪೆ ಹೊರಬಂದವು ಎನ್ನುತ್ತದೆ ಕಥೆ. ಇದಕ್ಕೆ ಶಾಸನದ ಆಧಾರವಿಲ್ಲ, ನಮ್ಮ ಜನ ತಲೆಮಾರಿನಿಂದ ತಲೆಮಾರಿಗೆ ಹೇಳಿಕೊಂಡು ಬಂದದ್ದು. ಕಥೆ ಕೇಳಿದವರು ಕಪ್ಪೆಯನ್ನೂ ಕತ್ತರಿಸಿದ ಕೈಯನ್ನೂ ನೆನಪಿಟ್ಟುಕೊಳ್ಳುತ್ತಾರೆ. ನನಗೆ ಹೆಚ್ಚು ಪ್ರಿಯವಾದದ್ದು ಗಂಧ ಒಣಗುವ ತನಕ ಕಾದ ಆ ಹೊತ್ತು. ಕಲ್ಲಿಗೆ ನೋವಾಗದ ಪರೀಕ್ಷೆ ಮುಗಿಯುವ ತನಕ ಉಳಿಯನ್ನು ಮುಟ್ಟದ ಆ ಹುಡುಗ.

ಕಥೆ ಬದಿಗಿಟ್ಟು ಕಲ್ಲನ್ನೇ ನೋಡಿದರೂ ಅದೇ ಕಾಣುತ್ತದೆ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಈ ದೇವಾಲಯ ಬಳಪದ ಕಲ್ಲಿನದು. ಗಣಿಯಿಂದ ತೆಗೆದಾಗ ಮೆತ್ತಗಿರುವ ಈ ಕಲ್ಲು ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುತ್ತದೆ. ಮೆತ್ತಗಿದೆಯೆಂದೇ ಉಳಿ ಸಲೀಸಾಗಿ ಇಳಿಯುತ್ತದೆ, ಬೇಡದ ಕಡೆಗೂ ಇಳಿಯುತ್ತದೆ. ಮದನಿಕೆಯ ಒಡವೆಗೂ ಮೈಗೂ ನಡುವೆ ಕಡ್ಡಿ ತೂರುವಷ್ಟು ಸಂದು ಬಿಡಿಸುವಾಗ ಒಂದು ಏಟು ಹೆಚ್ಚಾದರೆ ಒಡವೆಯೇ ಹಾರಿಹೋಗುತ್ತದೆ, ಮತ್ತೆ ಅಂಟಿಸುವಂತಿಲ್ಲ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಮದನಿಕೆಗಳ ಕೆಳಗೆ ಹೆಸರು ಕೆತ್ತಿ ಹೋದರು. ಇಲ್ಲಿ ಬಿದ್ದ ಪ್ರತಿ ಪೆಟ್ಟಿಗೂ ನಾನು ಹೊಣೆ ಎಂದು ಅದನ್ನು ನಾನು ಓದಿಕೊಳ್ಳುತ್ತೇನೆ. ಅಲ್ಲಿಂದ 16 ಕಿಲೋಮೀಟರ್ ದೂರದ ಹಳೇಬೀಡಿನಲ್ಲಿ ಹೊಯ್ಸಳೇಶ್ವರ ದೇವಾಲಯದ ಕೆಲಸ ಎಷ್ಟೋ ವರ್ಷ ನಡೆದೂ ಪೂರ್ತಿಯಾಗಲಿಲ್ಲ. ಉಳಿ ಮುಟ್ಟದ ಜಾಗ ಇಂದಿಗೂ ಕಲ್ಲಾಗಿಯೇ ಉಳಿದಿದೆ, ಏನು ಬೇಕಾದರೂ ಆಗಬಹುದಾದ ಕಲ್ಲಾಗಿ.

2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಅದಕ್ಕೂ ಬಹಳ ಮೊದಲೇ 1958ರ ಸ್ಮಾರಕ ಕಾಯ್ದೆ, 2010ರ ಅದರ ತಿದ್ದುಪಡಿ ಇವುಗಳ ಸುತ್ತ ಬೇಲಿ ಹಾಕಿವೆ. ಸ್ಮಾರಕದಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆಗೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ. ಅಲ್ಲಿ ಮನೆ ಇರುವವರಿಗೆ ರಿಪೇರಿಗೂ ಅನುಮತಿ ಪಡೆಯಬೇಕಾದ ಕಷ್ಟ ಗೊತ್ತು. ಅವರ ತೊಂದರೆಯನ್ನು ನಾನು ಹಗುರ ಮಾಡುವುದಿಲ್ಲ. ಆದರೂ ಆ ಕಾಯ್ದೆಯ ಒಳಗಿರುವ ವಿವೇಕ ನನಗೆ ಮೆಚ್ಚುಗೆ: ಹಿಂದಕ್ಕೆ ತರಲಾಗದ ಕೆಲಸಕ್ಕೆ ಕೈ ಹಾಕುವ ಮೊದಲು ಕೇಳು.

ದೂರದ ಒಂದು ಸಂಗತಿ ಹೇಳಬೇಕು. ಅಮೆರಿಕದಲ್ಲಿ ಮುಂದಿನ ಪ್ಲೇಟಿನ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾ, ಟೆಕ್ಸಾಸ್, ನ್ಯೂಜೆರ್ಸಿಗಳಲ್ಲಿ ಅದು ಬೇಕೇ ಬೇಕು. ಮಿಷಿಗನ್, ಫ್ಲಾರಿಡಾ, ಜಾರ್ಜಿಯಾಗಳಲ್ಲಿ ಹಿಂದಿನದೊಂದೇ ಸಾಕು. ಅಲ್ಲಿ ನೆಲೆಸಿದ ನಮ್ಮ ಕಡೆಯ ಹುಡುಗ ಹುಡುಗಿಯರು ಕಾರು ಕೊಳ್ಳುವಾಗ ಮುಂದೆ ಕೊರೆಯಬೇಡಿ ಎಂದು ಡೀಲರಿಗೆ ಮೊದಲೇ ಹೇಳಿಬಿಡುವುದುಂಟು, ಅಲ್ಲಿ ಅದು ಸಾಮಾನ್ಯ ಮಾತು. ಓಹಾಯೋ ರಾಜ್ಯದಲ್ಲಿ ಮುಂದಿನ ಪ್ಲೇಟ್ ಬಹಳ ಕಾಲ ಕಡ್ಡಾಯವಾಗಿತ್ತು. 2020ರ ಜುಲೈ 1ರಿಂದ ಬೇಡವೆಂದಾಯಿತು. ಜನ ಪ್ಲೇಟ್ ಬಿಚ್ಚಿದರು. ಕೊರೆದಿದ್ದ ಕಾರುಗಳಲ್ಲಿ ತೂತು ಹಾಗೆಯೇ ಉಳಿಯಿತು. ನಿಯಮ ಬರೆದವರು ಅದನ್ನು ಒಂದು ಸಹಿಯಿಂದ ಹಿಂದಕ್ಕೆ ಪಡೆಯಬಹುದು, ಡ್ರಿಲ್ ಮಷಿನ್ನಿಗೆ ಆ ಶಕ್ತಿಯಿಲ್ಲ. ನಮ್ಮಲ್ಲೂ ಪ್ಲೇಟಿನ ನಮೂನೆ ಒಮ್ಮೆ ಬದಲಾಯಿತು. ಇನ್ನೊಮ್ಮೆ ಬದಲಾಗದೆಂದು ಯಾರು ಹೇಳಬಲ್ಲರು?

ನಮ್ಮ ಹಿರಿಯರು ಆ ದಿನ ಕಾರನ್ನು ನೇರ ಮನೆಗೆ ತರಲಿಲ್ಲ. ಮಾಲೇಕಲ್ಲು ತಿರುಪತಿಯ ಬೆಟ್ಟದ ಬುಡಕ್ಕೆ ಒಯ್ದು ಪೂಜೆ ಮಾಡಿಸಿದರು. ದಾರಿಯಲ್ಲಿ ನಾನು ಕೇಳಿದೆ, ಆ ಹುಡುಗನನ್ನು ತಡೆಯುವಾಗ ಮುಜುಗರವಾಗಲಿಲ್ಲವೇ ಎಂದು. "ಮುಜುಗರ ಯಾಕಪ್ಪ? ಅವ್ನ ಕೆಲ್ಸಾನೂ ಚೆನ್ನಾಗಾಯ್ತು, ನನ್ ಗಾಡೀನೂ ಚೆನ್ನಾಗಿದೆ" ಅಂದರು.

ಹೊಸ ಗಾಡಿ ಕೊಳ್ಳಲಿರುವವರಲ್ಲಿ ನನ್ನ ವಿನಂತಿ ಇದು. ಡೆಲಿವರಿಯ ಸಡಗರದಲ್ಲಿ ಹೇಳೋಣವೆಂದು ಕಾಯಬೇಡಿ, ಬುಕಿಂಗ್ ದಿನವೇ ಹೇಳಿ. ಎಚ್‌ಎಸ್‌ಆರ್‌ಪಿಯನ್ನು ಕಂಪನಿ ಬಿಟ್ಟಿರುವ ಜಾಗದಲ್ಲಿ, ಅದರದೇ ಫ್ರೇಮಿನ ಮೇಲೆ ಕೂಡಿಸಬೇಕು, ಹೊಸದಾಗಿ ಕೊರೆಯಲೇಬೇಕಾದರೆ ಮೊದಲು ಗುರುತು ಹಾಕಿ ನನಗೆ ತೋರಿಸಬೇಕು ಎಂದು ಆರ್ಡರ್ ಫಾರಂನಲ್ಲಿ ಒಂದು ಸಾಲು ಬರೆಸಿ, ಸಹಿ ಹಾಕಿಸಿ, ಫೋಟೊ ಇಟ್ಟುಕೊಳ್ಳಿ. ಮಡ್ ಫ್ಲಾಪ್, ಬೀಡಿಂಗ್ ಎಂದು ಜೊತೆಗೆ ಕೊಡುವ ಸಾಮಾನಿಗೂ ಇದೇ ಮಾತು ಅನ್ವಯಿಸಲಿ. ಪ್ಲೇಟ್ ಕೂಡಿಸುವ ಹೊತ್ತಿಗೆ ಗಾಡಿಯ ಪಕ್ಕದಲ್ಲಿ ನೀವೇ ನಿಂತಿರಿ. ಶೋರೂಮು ನಡೆಸುವವರೂ ಕೆಲಸದ ಹುಡುಗರಿಗೆ ಇಷ್ಟು ಕಲಿಸಲಿ: ಡ್ರಿಲ್ಲಿನ ಸ್ವಿಚ್ ಒತ್ತುವ ಮೊದಲು ಗಾಡಿಯವರ ಮುಖ ನೋಡಿ, "ಇಲ್ಲಿ ಕೊರೀಲಾ ಸಾರ್?" ಎಂದು ಕೇಳಲಿ.