ಜೇಬಿನಲ್ಲಿ ಏನಿರಬೇಕು?

ಬೆಳಿಗ್ಗೆ ಮನೆಯಿಂದ ಹೊರಡುವಾಗ ನಾವು ಏನೇನನ್ನು ಹೊತ್ತು ನಡೆಯುತ್ತೇವೆ? ಮೊಬೈಲು, ಪರ್ಸು, ಬೀಗದ ಕೈ, ಕನ್ನಡಕ, ಪೆನ್ನು, ಕೈಗಡಿಯಾರ, ಮಳೆಗಾಲವಾದರೆ ಕೊಡೆ. ಯುವಕರಾದರೆ ಕಿವಿಗೆ ಇಯರ್‌ಬಡ್, ಚೀಲದಲ್ಲಿ ಪವರ್‌ಬ್ಯಾಂಕ್. ಹಿರಿಯರ ಜೇಬಿನಲ್ಲಿ ಒಂದು ಜಪಸರ, ಮಾತ್ರೆಯ ಪೊಟ್ಟಣ. ಇವು ದಿನವೂ ನಮ್ಮೊಡನೆ ಇರುತ್ತವೆ. ಆದರೆ ಇವು ನಮ್ಮ ಬಳಿಗೆ ಏಕೆ ಬಂದವು, ಯಾವ ಅಳತೆಯಿಂದ ಇವನ್ನು ಆರಿಸಿಕೊಂಡೆವು ಎಂದು ಯೋಚಿಸುವುದು ಅಪರೂಪ.

ಇದೇನು ಅಷ್ಟು ದೊಡ್ಡ ಪ್ರಶ್ನೆಯೇ ಎಂದು ನೀವು ಕೇಳಬಹುದು. ಜಾಗ, ಚಿನ್ನ, ಮದುವೆ, ಮಕ್ಕಳ ಓದು ಇವುಗಳ ವಿಷಯದಲ್ಲಿ ಮನೆಮಂದಿಯೆಲ್ಲ ಕೂತು ಮಾತಾಡುತ್ತೇವೆ. ಜೇಬಿನ ವಸ್ತುವಿಗೆ ಅಷ್ಟೆಲ್ಲ ಏಕೆ? ಆದರೆ ಇಂದು ಒಂದು ಫೋನಿನ ಬೆಲೆ ಕೂಲಿ ಕೆಲಸಗಾರನ ಹಲವು ತಿಂಗಳ ದುಡಿಮೆಯನ್ನು ನುಂಗಬಲ್ಲದು. ಕಾಲೇಜಿಗೆ ಸೇರಿದ ಮಗ ದುಬಾರಿ ಫೋನು ಬೇಕೆನ್ನುತ್ತಾನೆ, ಕುವೈತಿನಲ್ಲಿ ಬಿಸಿಲಿಗೆ ಬೇಯುವ ತಂದೆ ಕಂತು ಕಟ್ಟಲು ಒಪ್ಪುತ್ತಾನೆ, ತಾಯಿ ನಡುವೆ ಸಿಕ್ಕಿ ಒದ್ದಾಡುತ್ತಾಳೆ. ಇಂಥ ಮನೆಗಳು ನಮ್ಮ ಧರ್ಮಕೇಂದ್ರಗಳ ಪ್ರತಿಯೊಂದು ವಾರ್ಡಿನಲ್ಲೂ ಇವೆ. ಹೀಗಿರುವಾಗ ಇದು ಅಂಗಡಿಯ ಪ್ರಶ್ನೆ ಮಾತ್ರವಾಗಿ ಉಳಿಯುವುದಿಲ್ಲ; ಮನಸ್ಸಾಕ್ಷಿಯ ಪ್ರಶ್ನೆಯೂ ಆಗುತ್ತದೆ.

ಕಪ್ಪು ಚೀಲದೊಳಗೆ

2013ರ ಜುಲೈ ತಿಂಗಳಲ್ಲಿ ಜಗದ್ಗುರು ಫ್ರಾನ್ಸಿಸರು ವಿಶ್ವ ಯುವಜನ ದಿನಕ್ಕಾಗಿ ಬ್ರೆಜಿಲಿಗೆ ಹೊರಟಾಗ ಒಂದು ಕಪ್ಪು ಚೀಲವನ್ನು ತಾವೇ ಹಿಡಿದು ವಿಮಾನದ ಮೆಟ್ಟಿಲೇರಿದರು. ಆ ಚಿತ್ರ ಲೋಕವನ್ನೆಲ್ಲ ಸುತ್ತಿತು. ಹಿಂದಿರುಗುವ ವಿಮಾನದಲ್ಲಿ, ಚೀಲದಲ್ಲಿ ಏನಿದೆ ಎಂದು ಪತ್ರಕರ್ತರು ಕೇಳಿಯೇ ಬಿಟ್ಟರು. ಅಣುಬಾಂಬಿನ ಕೀಲಿಯಂತೂ ಇಲ್ಲ ಎಂದು ನಗೆಯಾಡಿದ ಅವರು ಪಟ್ಟಿ ಕೊಟ್ಟರು: ಕ್ಷೌರದ ರೇಜರು, ದಿನಪ್ರಾರ್ಥನೆಯ ಪುಸ್ತಕ, ಕಾರ್ಯಕ್ರಮಗಳನ್ನು ಬರೆದಿಡುವ ಡೈರಿ, ಓದಲು ಸಂತ ತೆರೇಜಾರನ್ನು ಕುರಿತ ಒಂದು ಪುಸ್ತಕ. ಪ್ರಯಾಣಕ್ಕೆ ಚೀಲ ಹಿಡಿಯುವುದು ಸಹಜ, ನಾವು ಸಹಜವಾಗಿರಲು ಕಲಿಯಬೇಕು ಎಂಬುದು ಅವರ ಮಾತಿನ ತಾತ್ಪರ್ಯ.

ಎರಡು ವರ್ಷಗಳ ಬಳಿಕ, 2015ರ ಸೆಪ್ಟೆಂಬರಿನಲ್ಲಿ, ಅವರು ರೋಮಿನ ಒಂದು ಕನ್ನಡಕದ ಅಂಗಡಿಗೆ ತಾವೇ ಹೋದರು. ಹೊಸ ಫ್ರೇಮು ಬೇಡ, ಹಳೆಯದಕ್ಕೇ ಹೊಸ ಗಾಜು ಹಾಕಿಕೊಡಿ ಎಂದು ಕೇಳಿ, ಹಣ ಕೊಟ್ಟು ಬಂದರು.

ಈ ಎರಡು ಘಟನೆಗಳನ್ನು ಬಡತನದ ಪ್ರದರ್ಶನವೆಂದು ತಿಳಿಯಬಾರದು. ಆ ಚೀಲದ ಒಂದೊಂದು ವಸ್ತುವಿಗೂ ಒಂದು ಕೆಲಸವಿತ್ತು. ಕನ್ನಡಕದಲ್ಲಿ ಕೆಟ್ಟದ್ದು ಗಾಜು. ಬದಲಾದದ್ದೂ ಗಾಜು ಮಾತ್ರ. ಆಯ್ಕೆಯ ವಿವೇಕವೆಂದರೆ ಇಷ್ಟೇ.

ದಾರಿ ನೋಡಿ ಬುತ್ತಿ

ಯೇಸುಸ್ವಾಮಿ ತಮ್ಮ ಶಿಷ್ಯರನ್ನು ಊರೂರಿಗೆ ಕಳುಹಿಸುವಾಗ ಏನನ್ನು ಒಯ್ಯಬೇಕು, ಏನನ್ನು ಒಯ್ಯಬಾರದು ಎಂದು ಹೇಳಿದ್ದರು. ಸಂತ ಮಾರ್ಕನ ಶುಭಸಂದೇಶದ 6ನೆಯ ಅಧ್ಯಾಯದಲ್ಲಿ ಒಂದು ಊರುಗೋಲಿಗೆ, ಕಾಲಿಗೆ ಕೆರಗಳಿಗೆ ಅನುಮತಿಯಿದೆ. ರೊಟ್ಟಿ, ಜೋಳಿಗೆ, ಹಣ, ಎರಡನೆಯ ಅಂಗಿ ಬೇಡ. ಸಂತ ಲೂಕನ 9ನೆಯ ಅಧ್ಯಾಯದಲ್ಲಿ ಕೋಲು ಕೂಡ ಬೇಡ. ಆದರೆ ಅದೇ ಲೂಕನ 22ನೆಯ ಅಧ್ಯಾಯದಲ್ಲಿ, ಕಡೆಯ ಭೋಜನದ ರಾತ್ರಿ, ಹಣದ ಚೀಲವಿದ್ದವನು ಅದನ್ನು ತೆಗೆದುಕೊಳ್ಳಲಿ, ಜೋಳಿಗೆಯನ್ನೂ ತೆಗೆದುಕೊಳ್ಳಲಿ ಎಂಬ ಮಾತು ಬರುತ್ತದೆ.

ಇದನ್ನು ಓದಿ ಗೊಂದಲಪಡಬೇಕಾಗಿಲ್ಲ. ಆತಿಥ್ಯ ಕೊಡುವ ಮನೆಗಳಿದ್ದ ಹಳ್ಳಿಯ ದಾರಿಗೆ ಒಂದು ಪಟ್ಟಿ. ಅಪಾಯ ಎದುರಿದ್ದ ಆ ರಾತ್ರಿಗೆ ಇನ್ನೊಂದು ಪಟ್ಟಿ. ಎಲ್ಲರಿಗೂ ಎಂದೆಂದಿಗೂ ಹೊಂದುವ ಪಟ್ಟಿ ಇಲ್ಲ. ಹೋಗಬೇಕಾದ ದಾರಿ ಯಾವುದು, ಅಲ್ಲಿ ಎದುರಾಗುವ ಜನರು ಯಾರು, ಅವರಿಗೆ ನನ್ನಿಂದ ಏನಾಗಬೇಕು ಎಂಬ ಪ್ರಶ್ನೆ ಮೊದಲು ಬರಬೇಕು. ವಸ್ತು ಅದರ ಹಿಂದೆ ಬರಬೇಕು. ನಾವಾದರೋ ವಸ್ತುವನ್ನು ಮೊದಲು ಕೊಂಡು, ಅದಕ್ಕೊಂದು ಕೆಲಸವನ್ನು ಆಮೇಲೆ ಹುಡುಕುತ್ತೇವೆ.

ನಮ್ಮ ಮಂಗಳೂರಿನ ದಾರಿಯನ್ನೇ ತೆಗೆದುಕೊಳ್ಳಿ. ಜೂನಿನಿಂದ ಸೆಪ್ಟೆಂಬರಿನವರೆಗೆ ಬಿಡದ ಮಳೆ, ಸಮುದ್ರದ ಉಪ್ಪು ಗಾಳಿ, ವರ್ಷದ ಉಳಿದ ದಿನಗಳಲ್ಲಿ ಬೆವರು. ಇಲ್ಲಿ ಉಕ್ಕಿನ ಕಡ್ಡಿಯ ಅಗ್ಗದ ಕೊಡೆ ಬೇಗ ತುಕ್ಕು ಹಿಡಿಯುತ್ತದೆ; ಫೈಬರ್ ಕಡ್ಡಿಯದು ತುಕ್ಕು ಹಿಡಿಯದು. ಒದ್ದೆ ಕೊಡೆಯನ್ನು ಮಡಚಿ ಚೀಲದಲ್ಲೇ ಬಿಟ್ಟರೆ ಯಾವ ಕೊಡೆಯೂ ಬಾಳದು. ಫೋನಿನ ಪೆಟ್ಟಿಗೆಯ ಮೇಲೆ ಐಪಿ67 ಎಂದು ಬರೆದಿದ್ದರೆ, ಹೊಸ ಫೋನು 1 ಮೀಟರ್ ಆಳದ ಸಿಹಿನೀರಿನಲ್ಲಿ 30 ನಿಮಿಷ ತಡೆದುಕೊಂಡಿದೆ ಎಂದರ್ಥ. ಎರಡು ವರ್ಷ ಬಳಸಿ, ನಾಲ್ಕು ಬಾರಿ ಬಿದ್ದ ಫೋನಿಗೆ, ಉಪ್ಪುನೀರಿಗೆ, ಬೆವರಿಗೆ ಆ ಮಾತು ಅನ್ವಯಿಸದು. ನೀರು ಹೊಕ್ಕು ಕೆಟ್ಟರೆ ಸಾಮಾನ್ಯವಾಗಿ ವಾರಂಟಿಯೂ ಸಿಗದು. ತುಂಬಿದ ಸಿಟಿ ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು ನಿಂತವನಿಗೆ ಅಂಗೈ ಮೀರುವ ದೊಡ್ಡ ಫೋನಿನಿಂದ ಏನು ಸುಖ?

ವಿಮರ್ಶೆಯೂ ಒಂದು ಸಾಕ್ಷ್ಯ

ಇಂಥ ಮಾತುಗಳನ್ನು ಹೇಳಬೇಕಾದವರು ವಸ್ತುಗಳನ್ನು ವಿಮರ್ಶಿಸುವವರು. ಆದರೆ ಯೂಟ್ಯೂಬಿನಲ್ಲಿ ಪೆಟ್ಟಿಗೆ ಬಿಚ್ಚಿ ತೋರಿಸುವವರಲ್ಲಿ ಅನೇಕರು ಫೋನನ್ನು ಬಳಸಿರುವುದು ಹೆಚ್ಚೆಂದರೆ ಒಂದೆರಡು ವಾರ. ಮೂರನೆಯ ವರ್ಷದ ಬ್ಯಾಟರಿಯ ಬಗ್ಗೆ ಅವರು ಏನು ಹೇಳಬಲ್ಲರು? ಕೆಲವರಿಗೆ ವಸ್ತು ಉಚಿತವಾಗಿ ಬಂದಿರುತ್ತದೆ. ಈ ಕಾರಣಕ್ಕಾಗಿಯೇ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿ, ಕಂಪೆನಿಯಿಂದ ಹಣ, ಉಡುಗೊರೆ ಅಥವಾ ಬೇರೆ ಲಾಭ ಪಡೆದವರು ಅದನ್ನು ಸ್ಪಷ್ಟವಾಗಿ ತಿಳಿಸಬೇಕೆಂದು ಹೇಳಿತು.

ನಾವು ಪುಟ್ಟ ಮಕ್ಕಳಿಗೆ ಧರ್ಮೋಪದೇಶದಲ್ಲಿ ಕಲಿಸುವ ಎಂಟನೆಯ ಆಜ್ಞೆ ಸುಳ್ಳು ಸಾಕ್ಷಿಯನ್ನು ನಿಷೇಧಿಸುತ್ತದೆ. ನ್ಯಾಯಾಲಯದಲ್ಲಿ ಹೇಳುವುದು ಮಾತ್ರ ಸಾಕ್ಷಿಯಲ್ಲ. ನೆರೆಯವರು ಬಂದು, ಈ ಫೋನು ಹೇಗಿದೆ, ಕೊಳ್ಳಬಹುದೇ ಎಂದು ಕೇಳಿದಾಗ ನಾವು ಕೊಡುವ ಉತ್ತರವೂ ಸಾಕ್ಷಿಯೇ. ತಾನು ಹೆಚ್ಚು ಹಣ ಕೊಟ್ಟು ಕೊಂಡೆನೆಂಬ ಕಾರಣಕ್ಕೆ ದೋಷವನ್ನು ಮುಚ್ಚಿಟ್ಟು ಹೊಗಳುವುದು, ತನ್ನ ಬಳಿ ಇಲ್ಲವೆಂಬ ಕಾರಣಕ್ಕೆ ತೆಗಳುವುದು, ಇವೆರಡೂ ಇನ್ನೊಬ್ಬರ ದುಡಿಮೆಯ ಹಣವನ್ನು ದಾರಿ ತಪ್ಪಿಸುತ್ತವೆ. ಎಷ್ಟು ಕಾಲ ಬಳಸಿದ್ದೇನೆ, ಎಲ್ಲಿ ಬಳಸಿದ್ದೇನೆ, ಏನು ಕೈಕೊಟ್ಟಿತು ಎಂದು ನೇರವಾಗಿ ಹೇಳುವವನ ನಾಲ್ಕು ಮಾತು ಹತ್ತು ವಿಡಿಯೋಗಳಿಗಿಂತ ಮೇಲು.

ಕೀಲಿ ಕೊಡುವ ಗಡಿಯಾರ

ಎಚ್‌ಎಂಟಿ ಸಂಸ್ಥೆ ಜಪಾನಿನ ಸಿಟಿಜನ್ ಕಂಪೆನಿಯ ಸಹಕಾರದಿಂದ 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಸತೊಡಗಿತು. ಅದರ 'ಜನತಾ' ಗಡಿಯಾರವನ್ನು ಕಟ್ಟಿಕೊಂಡು ನಮ್ಮ ಒಂದು ತಲೆಮಾರೇ ಕಚೇರಿಗೆ, ಶಾಲೆಗೆ, ಪೂಜೆಗೆ ಹೋಗಿಬಂದಿದೆ. ದಿನಕ್ಕೊಮ್ಮೆ ಕೀಲಿ ಕೊಟ್ಟರೆ ಸಾಕು. ಕೆಟ್ಟರೆ ಮಾರುಕಟ್ಟೆಯ ಗಡಿಯಾರದಂಗಡಿಯವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಬಿಚ್ಚಿ, ಶುಚಿ ಮಾಡಿ ಕೊಡುತ್ತಿದ್ದ. ತಂದೆಯ ಗಡಿಯಾರ ಮಗನ ಕೈಗೆ ಬರುತ್ತಿತ್ತು. 2016ರಲ್ಲಿ ಎಚ್‌ಎಂಟಿ ವಾಚಸ್ ಕಂಪೆನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿತು; ಆದರೂ ಅದರ ಹಳೆಯ ಗಡಿಯಾರಗಳು ಇಂದಿಗೂ ಹಲವು ಕೈಗಳಲ್ಲಿ ಓಡುತ್ತಿವೆ.

ಹಳೆಯದೆಲ್ಲ ಚಿನ್ನ ಎಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಇಂದಿನ ಸ್ಮಾರ್ಟ್ ವಾಚು ಎದೆಬಡಿತವನ್ನು ಲೆಕ್ಕ ಹಾಕುತ್ತದೆ. ಕೆಲವು ವಾಚುಗಳು ಬಿದ್ದವರ ಸುದ್ದಿಯನ್ನು ಮನೆಯವರಿಗೆ ಮುಟ್ಟಿಸುತ್ತವೆ. ಒಂಟಿಯಾಗಿರುವ ಹಿರಿಯರಿಗೆ ಅದು ವರವೇ ಸರಿ. ಆದರೆ ಒಂದನ್ನು ಗಮನಿಸಿ. ಹಳೆಯ ಗಡಿಯಾರ ನಮ್ಮಿಂದ ದಿನಕ್ಕೆ ಅರ್ಧ ನಿಮಿಷ ಕೇಳುತ್ತಿತ್ತು. ಹೊಸದು ಊಟದ ಮೇಜಿನಲ್ಲಿ, ಬಲಿಪೂಜೆಯ ನಡುವೆ, ಮಗು ಮಾತಾಡುತ್ತಿರುವಾಗ ಮಣಿಕಟ್ಟನ್ನು ತಟ್ಟಿ ಕರೆಯುತ್ತದೆ. ಕೊಳ್ಳುವಾಗ ಕೊಟ್ಟ ಹಣ ಒಂದು ಬೆಲೆ. ಪ್ರತಿದಿನ ಕೊಡುವ ಗಮನ ಇನ್ನೊಂದು ಬೆಲೆ. ಎರಡನೆಯದು ಯಾವ ರಸೀದಿಯಲ್ಲೂ ಕಾಣಿಸದು.

ಮೂರನೆಯ ಬೆಲೆಯೊಂದಿದೆ. ಅದನ್ನು ತೆರುವವರು ನಾವಲ್ಲ. ಫೋನುಗಳ ಬ್ಯಾಟರಿಗೆ ಬೇಕಾದ ಕೋಬಾಲ್ಟ್ ಲೋಹದ ಬಹುಪಾಲು ಆಫ್ರಿಕದ ಕಾಂಗೋ ದೇಶದಿಂದ ಬರುತ್ತದೆ. ಅಲ್ಲಿನ ಗುಂಡಿಗಳಲ್ಲಿ ಮಕ್ಕಳೂ ದುಡಿಯುತ್ತಾರೆಂದು ಆಮ್ನೆಸ್ಟಿ ಸಂಸ್ಥೆ 2016ರಲ್ಲಿ ವರದಿ ಮಾಡಿತು. ಒಂದು ಫೋನನ್ನು ಎರಡು ವರ್ಷಕ್ಕೆ ಎಸೆಯುವ ಬದಲು ಆರು ವರ್ಷ ಬಾಳಿಸಿದರೆ ಆ ಮಕ್ಕಳ ಕಷ್ಟ ತೀರಿಬಿಡುವುದಿಲ್ಲ, ನಿಜ. ಆದರೆ ಅವರ ಬೆವರನ್ನು ಕಸವೆಂದು ಎಸೆಯುವ ಪಾಪದಲ್ಲಿ ನಮ್ಮ ಪಾಲು ಕಡಿಮೆಯಾಗುತ್ತದೆ.

ಬಡವನ ಪ್ರಶ್ನೆ

ಇಲ್ಲಿ ಒಂದು ನ್ಯಾಯವಾದ ಆಕ್ಷೇಪವಿದೆ. ಬಾಳುವ ವಸ್ತುವಿಗೆ ಬೆಲೆ ಹೆಚ್ಚು. ಒಳ್ಳೆಯ ಕೊಡೆಗೆ ಕೊಡಲು ಒಮ್ಮೆಗೇ ಹಣವಿಲ್ಲದವನು ಪ್ರತಿವರ್ಷ ಅಗ್ಗದ ಕೊಡೆ ಕೊಳ್ಳುತ್ತಾನೆ. ಐದು ವರ್ಷದಲ್ಲಿ ಅವನೇ ಹೆಚ್ಚು ತೆತ್ತಿರುತ್ತಾನೆ. ಅವನಿಗೆ ಬುದ್ಧಿ ಹೇಳಲು ನಮಗೇನು ಅಧಿಕಾರ? ಹಾಗೆಯೇ ಕಾಲೇಜಿನ ಹುಡುಗನ ಹಟದ ಹಿಂದೆ ಬರೀ ಷೋಕಿ ಇದೆಯೆಂದು ತಳ್ಳಿಹಾಕಬೇಡಿ. ಗೆಳೆಯರ ನಡುವೆ ಸಣ್ಣವನಾಗುವ ನೋವು ಆ ವಯಸ್ಸಿನಲ್ಲಿ ಸಣ್ಣ ನೋವಲ್ಲ.

ಈ ಆಕ್ಷೇಪಕ್ಕೆ ಉತ್ತರ ಉಪದೇಶದಲ್ಲಿಲ್ಲ, ದುರಸ್ತಿಯಲ್ಲಿದೆ. ಕೆಟ್ಟದ್ದನ್ನು ಸರಿಮಾಡಿಸಲು ಸಾಧ್ಯವಾದರೆ ಬಡವನಿಗೂ ಬಾಳುವ ವಸ್ತು ಎಟುಕುತ್ತದೆ. ಹಂಪನಕಟ್ಟೆ, ಸ್ಟೇಟ್‌ಬ್ಯಾಂಕ್ ಪರಿಸರದ ಪುಟ್ಟ ಅಂಗಡಿಗಳಲ್ಲಿ ಬ್ಯಾಟರಿ, ಗಾಜು ಬದಲಿಸುವ ಯುವಕರು ಮಾಡುತ್ತಿರುವುದು ಈ ಸೇವೆಯನ್ನೇ. ಭಾರತ ಸರ್ಕಾರ 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿಗಾಗಿ ಒಂದು ಪೋರ್ಟಲ್ ತೆರೆಯಿತು. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಮಾರುಕಟ್ಟೆಗೆ ಬರುವ ಫೋನುಗಳ ಬ್ಯಾಟರಿ 800 ಬಾರಿ ಚಾರ್ಜ್ ಆದ ಮೇಲೂ ಶೇಕಡಾ 80ರಷ್ಟು ಸಾಮರ್ಥ್ಯ ಉಳಿಸಿಕೊಂಡಿರಬೇಕೆಂಬ ನಿಯಮವಿದೆ. ಆದ್ದರಿಂದ ಮಗನಿಗೆ ಬೇಡವೆನ್ನುವ ಮೊದಲು ಅವನ ಜತೆ ಕೂತು ಕೇಳಿ: ಇದರ ಬ್ಯಾಟರಿ ಬದಲಿಸಲು ಎಷ್ಟಾಗುತ್ತದೆ? ಎಷ್ಟು ವರ್ಷ ಕಂಪೆನಿ ಅಪ್‌ಡೇಟ್ ಕೊಡುತ್ತದೆ? ಬಿಡಿಭಾಗ ನಮ್ಮೂರಿನಲ್ಲಿ ಸಿಗುತ್ತದೆಯೇ? ಡ್ಯಾಡಿಯ ಎಷ್ಟು ದಿನದ ದುಡಿಮೆ ಇದಕ್ಕೆ ಹೋಗುತ್ತದೆ? ಈ ಲೆಕ್ಕವನ್ನು ಅವನೇ ಹಾಕಲಿ. ಲೆಕ್ಕ ಹಾಕಿದ ಮಕ್ಕಳು ಅನೇಕ ವೇಳೆ ಹೆತ್ತವರಿಗಿಂತ ಜಾಣತನದಿಂದ ಆರಿಸುತ್ತಾರೆ.

ಯಾರ ಕೈಯಲ್ಲಿ ಯಾವುದು?

4ನೆಯ ಶತಮಾನದ ಧರ್ಮಾಧ್ಯಕ್ಷ ಸಂತ ಬೆಸಿಲರು, ಬಳಸದೆ ಪೆಟ್ಟಿಗೆಯಲ್ಲಿಟ್ಟ ಅಂಗಿ ಅಂಗಿಯಿಲ್ಲದವನದು, ಕೊಳೆಯುತ್ತಿರುವ ಕೆರ ಬರಿಗಾಲಿನವನದು ಎಂಬ ಅರ್ಥದ ಕಟುವಾದ ಪ್ರಬೋಧನೆ ಮಾಡಿದ್ದರು. ಅದನ್ನು ಇಂದಿನ ಮನೆಗೆ ಅನ್ವಯಿಸಿದರೆ ನಮ್ಮ ಮೇಜಿನ ಖಾನೆಯಲ್ಲಿ ಬಿದ್ದಿರುವ ಹಳೆಯ ಫೋನುಗಳು ನೆನಪಾಗುತ್ತವೆ. ಕೊಟ್ಟುಬಿಡೋಣ, ಒಳ್ಳೆಯದೇ. ಆದರೆ ಏನನ್ನು ಯಾರಿಗೆ ಕೊಡುತ್ತೇವೆ ಎಂಬುದರಲ್ಲೂ ಎಚ್ಚರ ಬೇಕು.

ನಮ್ಮ ಮಂಗಳೂರಿನ ಎಷ್ಟೋ ಮನೆಗಳಲ್ಲಿ ಮಕ್ಕಳು ದುಬೈಯಲ್ಲೋ ಕೆನಡಾದಲ್ಲೋ ಇದ್ದಾರೆ, ತಾಯಿ ಒಬ್ಬರೇ ಇದ್ದಾರೆ. ಆಕೆಯ ಕೈಯಲ್ಲಿರುವುದು ಮಗಳು ಬಳಸಿ ಬಿಟ್ಟ ಫೋನು: ಗಾಜು ಒಡೆದಿದೆ, ಸಂಜೆಯೊಳಗೆ ಬ್ಯಾಟರಿ ಸಾಯುತ್ತದೆ, ಅಕ್ಷರ ಕಾಣಿಸದು, ಕರೆ ಬಂದರೆ ಸದ್ದು ಕೇಳಿಸದು. ದಿನವಿಡೀ ಕಚೇರಿಯ ಕಂಪ್ಯೂಟರ್ ಎದುರು ಕೂರುವ ಮಗನ ಜೇಬಿನಲ್ಲಿ ಮಾರುಕಟ್ಟೆಯ ಅತ್ಯುತ್ತಮ ಫೋನಿದೆ. ರಾತ್ರಿ ಎದೆನೋವು ಬಂದರೆ ಫೋನಿನ ಮೇಲೆ ಪ್ರಾಣವನ್ನೇ ನಂಬಿರುವವರು ಇಬ್ಬರಲ್ಲಿ ಯಾರು? ಮೊಮ್ಮಗಳ ಮುಖವನ್ನು ಫೋನಿನ ಗಾಜಿನಲ್ಲಿ ಮಾತ್ರ ನೋಡಬಲ್ಲವರು ಯಾರು?

ಪ್ರಿಯ ಓದುಗರೇ, ಮುಂದಿನ ಬಾರಿ ಮನೆಗೆ ಹೊಸ ಫೋನು ತರುವ ಮಾತು ಬಂದಾಗ ಕ್ಯಾಮೆರಾ ಎಷ್ಟು, ಮೆಮರಿ ಎಷ್ಟು ಎಂದು ಕೇಳುವ ಮೊದಲು, ನಮ್ಮ ಮನೆಯ ಅತ್ಯಂತ ಕೆಟ್ಟ ಫೋನು ಯಾರ ಕೈಯಲ್ಲಿದೆ ಎಂದು ಕೇಳೋಣ. ಅದು ಎಲ್ಲರಿಗಿಂತ ದುರ್ಬಲರಾದವರ ಕೈಯಲ್ಲಿದ್ದರೆ, ಯಾರಿಗೆ ಕೊಳ್ಳಬೇಕು ಎಂಬ ಪ್ರಶ್ನೆಗೆ ಬೇರೆ ಯಾವ ವಿಮರ್ಶೆಯೂ ಬೇಕಾಗದು.