ಎರಡು ಮನಸ್ಸು

ಇಂಗ್ಲಿಷಿನ ‘ಆ್ಯಂಬಿವಲೆಂಟ್’ ಎಂಬ ಮಾತು ನಮ್ಮ ವಿದ್ಯಾವಂತರ ಸಂಭಾಷಣೆಯಲ್ಲಿ ಧಾರಾಳವಾಗಿ ಓಡಾಡುತ್ತಿದೆ. ಯಾವುದಾದರೂ ವಿಷಯದಲ್ಲಿ ನಿಮ್ಮ ಅಭಿಪ್ರಾಯವೇನೆಂದು ಕೇಳಿದರೆ, ‘ನಾನು ಆ್ಯಂಬಿವಲೆಂಟ್’ ಎಂದು ಜಾರಿಕೊಳ್ಳುವವರುಂಟು. ಹಾಗೆನ್ನುವವರ ಮನಸ್ಸಿನಲ್ಲಿರುವುದು, ಬಹುಮಟ್ಟಿಗೆ, ‘ಯಾವುದಾದರೇನು, ಎಲ್ಲ ಒಂದೇ’ ಎಂಬ ಭಾವ. ಪದದ ನಿಜವಾದ ಅರ್ಥ ಇದಕ್ಕೆ ತೀರ ವಿರುದ್ಧ.

1910ರ ಸುಮಾರಿಗೆ ಇದನ್ನು ಬಳಕೆಗೆ ತಂದವರು ಸ್ವಿಟ್ಜರ್‌ಲೆಂಡಿನ ಮನೋವೈದ್ಯ ಯೂಜೆನ್ ಬ್ಲಾಯ್ಲರ್. ‘ಎರಡೂ’, ‘ಬಲ’ ಎಂಬ ಅರ್ಥದ ಲ್ಯಾಟಿನ್ ಪದಗಳನ್ನು ಕೂಡಿಸಿ ಮಾಡಿದ ಮಾತು ಇದು. ಅಂದರೆ ಎರಡು ಭಾವಗಳೂ ಬಲವಾಗಿರಬೇಕು. ಉದಾಸೀನನ ತಕ್ಕಡಿ ಸಮನಾಗಿ ನಿಲ್ಲುವುದು ತಟ್ಟೆಗಳು ಬರಿದಾಗಿರುವುದರಿಂದ. ಇಲ್ಲಿ ಎರಡು ತಟ್ಟೆಗಳಲ್ಲೂ ಭಾರವಿದೆ.

ಕನ್ನಡದಲ್ಲಿ ಇದಕ್ಕೆ ಸಮೀಪದ ಮಾತುಗಳಿಲ್ಲವೆಂದಲ್ಲ. ‘ಉಭಯಸಂಕಟ’ವೆಂದರೆ ಅತ್ತ ದರಿ, ಇತ್ತ ಪುಲಿ, ಅಲ್ಲಿ ಎರಡೂ ಬೇಡವಾದುವೇ. ‘ಡೋಲಾಯಮಾನ’ವಾದ ಮನಸ್ಸು ಒಮ್ಮೆ ಅತ್ತ, ಒಮ್ಮೆ ಇತ್ತ ತೂಗುತ್ತದೆ. ಬ್ಲಾಯ್ಲರ್ ಹೇಳಿದ್ದು ಬೇರೆ: ಒಬ್ಬರ ಮೇಲೆಯೇ, ಏಕಕಾಲದಲ್ಲಿ, ಎರಡು ಎದುರುಬದುರು ಭಾವಗಳು.

ಉದ್ಯೋಗಪರ್ವದ ಕರ್ಣನನ್ನು ನೆನೆಯಿರಿ. ತನ್ನನ್ನು ತೊರೆದ ಕುಂತಿಯನ್ನು ಅವನು ಕಟುವಾಗಿ ಆಕ್ಷೇಪಿಸುತ್ತಾನೆ. ಹಾಗೆಯೇ, ಅರ್ಜುನನೊಬ್ಬನ ಹೊರತು ಉಳಿದ ಪಾಂಡವರನ್ನು ಕೊಲ್ಲುವುದಿಲ್ಲವೆಂದು ಅವಳಿಗೆ ಭಾಷೆಯನ್ನೂ ಕೊಡುತ್ತಾನೆ. ಸಿಟ್ಟೂ ನಿಜ, ಮಗನ ಹೃದಯವೂ ನಿಜ. ಆದರೆ ಯಾರ ಪಕ್ಷದಲ್ಲಿ ನಿಲ್ಲಬೇಕೆಂಬ ವಿಷಯದಲ್ಲಿ ಅವನಿಗೆ ಸಂಶಯವಿರಲಿಲ್ಲ.

ಪುರಾಣದವರೆಗೆ ಹೋಗಬೇಕಾದದ್ದೂ ಇಲ್ಲ. ಹಾಸಿಗೆ ಹಿಡಿದ ತಂದೆಯನ್ನು ವರ್ಷಗಟ್ಟಲೆ ನೋಡಿಕೊಂಡ ಮಗ ನಮ್ಮ ಬೀದಿಯಲ್ಲೇ ಇದ್ದಾನು. ರಾತ್ರಿ ಮೂರು ಸಲ ಕರೆ ಬಂದಾಗ ‘ಇದೆಲ್ಲ ಎಂದಿಗೆ ಮುಗಿದೀತೋ’ ಎಂದು ಅವನಿಗೆ ಅನ್ನಿಸಿರುತ್ತದೆ. ತಂದೆ ತೀರಿಕೊಂಡಾಗ ದುಃಖದ ಜೊತೆಗೇ, ಹೊರೆ ಇಳಿದಂತೆ ಒಂದು ನಿಟ್ಟುಸಿರೂ ಬರುತ್ತದೆ. ವೈಕುಂಠ ಸಮಾರಾಧನೆಗೆ ಬಂದವರು ‘ಎಂಥ ಮಗನಪ್ಪ!’ ಎಂದು ಹೊಗಳಿದಾಗ ಅವನು ತಲೆ ತಗ್ಗಿಸುತ್ತಾನೆ. ತನ್ನ ಪ್ರೀತಿಯೇ ಸುಳ್ಳಾಗಿತ್ತೇನೋ ಎಂದು ಒಳಗೇ ಕೊರಗುತ್ತಾನೆ. ಸುಳ್ಳಾಗಿರಲಿಲ್ಲ. ಬೇಸರಪಟ್ಟವನೂ ಅವನೇ, ಎದ್ದು ಹೋಗಿ ನೀರು ಕುಡಿಸಿದವನೂ ಅವನೇ.

ಮನಸ್ಸಿನಲ್ಲಿ ಏನೇನು ಏಳುತ್ತದೆ ಎಂಬುದು ನಮ್ಮ ವಶದಲ್ಲಿಲ್ಲ. ಏನು ಮಾಡುತ್ತೇವೆ ಎಂಬುದು ಬಹುಪಾಲು ನಮ್ಮ ವಶದಲ್ಲಿದೆ. ಎರಡು ಮನಸ್ಸಾದುದಕ್ಕೆ ಯಾರೂ ನಾಚಬೇಕಾಗಿಲ್ಲ. ಅದನ್ನು ನೆಪಮಾಡಿಕೊಂಡು ಮಾಡಬೇಕಾದುದರಿಂದ ನುಣುಚಿಕೊಂಡರೆ ಮಾತ್ರ ನಾಚಬೇಕು.