ನಮ್ಮದಲ್ಲದ ಮೊಟ್ಟೆ

ಕೋಗಿಲೆ ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುತ್ತದೆಂದು ನೀವೆಲ್ಲರೂ ಶಾಲೆಯಲ್ಲೇ ಕಲಿತಿದ್ದೀರಿ. ಕೋಲಾರ ಸೀಮೆಯಲ್ಲಿ, ವಕ್ಕಲೇರಿಯ ಸುತ್ತಮುತ್ತ, ಹೊಂಗೆ ಚಿಗುರುವ ಹೊತ್ತಿಗೆ ಗಂಡು ಕೋಗಿಲೆ ಕೂಗತೊಡಗುತ್ತದೆ. ಬೇಸಿಗೆ ಏರಿದಂತೆ ಕಾಗೆಗಳು ಕಡ್ಡಿ ಹೊರುತ್ತವೆ. ಹಿರಿಯರಿಗೆ ಈ ಗುಟ್ಟು ಹೊಸದಲ್ಲ. ಕೋಗಿಲೆಗೆ ‘ಪರಭೃತ’, ಅಂದರೆ ಬೇರೆಯವರು ಸಾಕಿದ್ದು, ಎಂಬ ಹೆಸರೇ ಇದೆ. ಕವಿಗಳು ಹಾಡುವವನನ್ನು ಹೊಗಳಿದರು, ಸಾಕಿದವಳನ್ನು ಮರೆತರು. ಅದಿರಲಿ.

ನನ್ನ ಪ್ರಶ್ನೆ ಬೇರೆ. ಕಾಗೆಯಂಥ ಜಾಣ ಹಕ್ಕಿ ಏಕೆ ಮೋಸ ಹೋಗುತ್ತದೆ? ಕೋಗಿಲೆಯ ಮೊಟ್ಟೆ ಬಣ್ಣದಲ್ಲಿ ಕಾಗೆಯದನ್ನು ಹೋಲಿದರೂ ಗಾತ್ರದಲ್ಲಿ ಚಿಕ್ಕದು. ಮರಿಯೂ ಬೇಗ ಹೊರಬರುತ್ತದೆ. ಆದರೂ ಕಾಗೆ ಅದನ್ನು ಎಸೆಯುವುದು ಅಪರೂಪ. ಅದಕ್ಕೆ ನಷ್ಟವಂತೂ ಇದೆ, ಅದರ ಸ್ವಂತ ಮರಿಗಳು ಕೆಲವು ಸೊರಗುತ್ತವೆ. ಆದರೆ ಯುರೋಪಿನ ಕೋಗಿಲೆಯ ಮರಿ ಗೂಡಿನ ಮೊಟ್ಟೆಗಳನ್ನೆಲ್ಲ ಬೆನ್ನ ಮೇಲೆ ಹೊತ್ತು ಹೊರಗೆ ತಳ್ಳುತ್ತದೆ (ಇದನ್ನು 1788ರಲ್ಲಿ ಬರೆದವರು ಸಿಡುಬಿನ ಲಸಿಕೆಯ ಎಡ್ವರ್ಡ್ ಜೆನ್ನರ್). ನಮ್ಮ ಕೋಗಿಲೆಯ ಮರಿ ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ. ಕಾಗೆಮರಿಗಳ ಜೊತೆಯಲ್ಲೇ ಬಾಯಿ ತೆರೆಯುತ್ತದೆ.

ಪರರ ಮೊಟ್ಟೆಯನ್ನು ಗುರುತಿಸಿ ಹೊರಗೆಸೆಯುವ ಹಕ್ಕಿಗಳೂ ಇವೆ. ಕೆಲವು ಕೊಕ್ಕಿನಲ್ಲಿ ಕಚ್ಚಿ ಎತ್ತಿ ಹಾಕುತ್ತವೆ, ಕೊಕ್ಕು ಚಿಕ್ಕದಿದ್ದರೆ ಕುಕ್ಕಿ ತೂತು ಮಾಡುತ್ತವೆ. ಇಂಗ್ಲೆಂಡಿನ ಕೇಂಬ್ರಿಜ್ ಬಳಿಯ ಜೌಗಿನಲ್ಲಿ, ಜೊಂಡಿಗೆ ಗೂಡು ಕಟ್ಟುವ ಒಂದು ಪುಟ್ಟ ಹಕ್ಕಿಯನ್ನು ನಿಕ್ ಡೇವಿಸ್ ಮತ್ತು ಮೈಕೆಲ್ ಬ್ರೂಕ್ 1980ರ ದಶಕದಲ್ಲಿ ಪರೀಕ್ಷಿಸಿದರು. ಬಣ್ಣ ಬಳಿದ ಹುಸಿ ಮೊಟ್ಟೆಗಳನ್ನು ಗೂಡಿನಲ್ಲಿಟ್ಟರು. ತನ್ನದನ್ನು ಹೋಲದ ಮೊಟ್ಟೆಯನ್ನು ಹಕ್ಕಿ ಹೆಚ್ಚಾಗಿ ತಿರಸ್ಕರಿಸಿತು. ಗೂಡಿನ ಮೇಲೆ ಕೋಗಿಲೆಯ ಬೊಂಬೆಯೊಂದನ್ನು ಕೂರಿಸಿ ತೋರಿಸಿದಾಗ ಅದರ ಸಂಶಯ ಇನ್ನೂ ಹೆಚ್ಚಿತು. ಸಂಶಯ ಹೊಕ್ಕ ಹಕ್ಕಿ ಕೆಲವೊಮ್ಮೆ ತನ್ನದೇ ಮೊಟ್ಟೆಯನ್ನು ಹೊರಗೆ ಹಾಕಿತು.

ಇಲ್ಲಿ ಸ್ವಲ್ಪ ನಿಲ್ಲಿ. ತಪ್ಪು ಎರಡು ಬಗೆಯದು. ಪರರದನ್ನು ನಮ್ಮದೆಂದು ಸಾಕುವುದು ಒಂದು, ನಮ್ಮದನ್ನು ಪರರದೆಂದು ಎಸೆಯುವುದು ಇನ್ನೊಂದು. ಒಂದರಿಂದ ತಪ್ಪಿಸಿಕೊಳ್ಳಲು ಹೋದಷ್ಟೂ ಇನ್ನೊಂದಕ್ಕೆ ಹತ್ತಿರವಾಗುತ್ತೇವೆ. ರಾಗಿ ಹೊಲದಲ್ಲಿ ಕಳೆ ಕಿತ್ತವರಿಗೆ ಇದು ಗೊತ್ತು: ಪೈರು ಎಳೆಯದಿದ್ದಾಗ ಕಾಡುರಾಗಿ ರಾಗಿಯಂತೆಯೇ ಕಾಣುತ್ತದೆ, ಆತುರದ ಕೈಗೆ ಎರಡೂ ಸಿಗುತ್ತವೆ. ಗೋಧಿ ಮತ್ತು ಕಳೆಯ ಸಾಮತಿಯಲ್ಲಿ ಯಜಮಾನ ಆಳುಗಳನ್ನು ತಡೆದದ್ದು ಈ ಭಯದಿಂದಲೇ. ಅವನಿಗೆ ಕಳೆಯ ಮೇಲೆ ಪ್ರೀತಿಯಿರಲಿಲ್ಲ, ಗೋಧಿಯ ಚಿಂತೆಯಿತ್ತು.

ಈಗ ನಮ್ಮ ಮನೆಗಳಿಗೆ ಬನ್ನಿ. ದತ್ತು ತಂದ ಹುಡುಗ ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದರೆ, “ರಕ್ತ ಎಲ್ಲಿಗೆ ಹೋಗುತ್ತೆ?” ಎನ್ನುವ ನೆಂಟರು ಇದ್ದೇ ಇರುತ್ತಾರೆ. ಹೆತ್ತ ಮಗ ಅದೇ ಪರೀಕ್ಷೆಯಲ್ಲಿ ಫೇಲಾದರೆ ಪ್ರಶ್ನೆಪತ್ರಿಕೆ ಕಷ್ಟವಿತ್ತು! ಹೆತ್ತವರಿಗೆ ಹೆಗ್ಗಣ ಮುದ್ದು, ಅದು ತಪ್ಪಲ್ಲ. ಆ ಮುದ್ದನ್ನು ಒಬ್ಬನಿಗೆ ಕೊಟ್ಟು ಇನ್ನೊಬ್ಬನಿಗೆ ತಕ್ಕಡಿ ಹಿಡಿಯುವುದು ತಪ್ಪು. ಬೀರುವಿನಲ್ಲಿ ಹಣ ಕಾಣದಾದರೆ ನಮ್ಮ ಕಣ್ಣು ಮೊದಲು ಯಾರ ಕಡೆ ತಿರುಗುತ್ತದೆ? ಯಾರೋ ಕಿವಿಯಲ್ಲಿ ಊದಿದ ಮಾತು ಆ ಬೊಂಬೆ ಕೋಗಿಲೆಯಷ್ಟೇ ಕೆಲಸ ಮಾಡುತ್ತದೆ.

ದತ್ತು ಮಗುವನ್ನು ಕೋಗಿಲೆ ಮರಿಗೆ ಹೋಲಿಸುವ ಮಾತು ನನಗೆ ಒಪ್ಪಿಗೆಯಿಲ್ಲ. ಅದನ್ನು ಯಾರೂ ಕದ್ದು ತಂದಿಟ್ಟಿಲ್ಲ, ನಾವೇ ಹೋಗಿ ಕರೆತಂದೆವು. ಹಕ್ಕಿಯ ಲೆಕ್ಕದಲ್ಲಿ ಲಾಭನಷ್ಟ ಮಾತ್ರ ಉಂಟು. ಎಸೆಯಲ್ಪಟ್ಟವನ ಗತಿಯೇನೆಂಬ ಅಂಕಣ ಅದರಲ್ಲಿಲ್ಲ. ನಮ್ಮ ಲೆಕ್ಕದಲ್ಲಿ ಅದೇ ಮೊದಲನೆಯದು.

ಇನ್ನೊಂದು ಸಂಗತಿ. ಅಮೆರಿಕದ ಸ್ಟೀಫನ್ ರಾತ್‌ಸ್ಟೈನ್ 1970ರ ದಶಕದಲ್ಲಿ ಅಲ್ಲಿನ ಒಂದು ಬೂದು ಹಕ್ಕಿಯನ್ನು ಪರೀಕ್ಷಿಸಿ, ಅದು ತನ್ನ ಮೊಟ್ಟೆಯ ರೂಪವನ್ನು ಗೂಡಿನಲ್ಲಿ ಮೊದಲು ಕಂಡದ್ದರಿಂದ ಕಲಿಯುತ್ತದೆಂದು ತೋರಿಸಿದರು. ‘ತನ್ನದು’ ಎಂಬುದು ಆ ಹಕ್ಕಿಗೂ ಹುಟ್ಟಿನಿಂದ ಬಂದ ಜ್ಞಾನವಲ್ಲ, ನೋಡುತ್ತ ನೋಡುತ್ತ ಆದದ್ದು. ಮಗುವನ್ನು ಮನೆಗೆ ತಂದ ತಾಯಂದಿರನ್ನು ಕೇಳಿ, ತಮಗೂ ಹಾಗೆಯೇ ಆಯಿತೆನ್ನುವವರು ಸಿಗುತ್ತಾರೆ.

“ಹಾಗಾದರೆ ಹಾವಿಗೂ ಹಾಲೆರೆಯೋಣವೇ?” ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕಾಗೆಯೇನೂ ಸುಮ್ಮನೆ ಕೂತಿರುವುದಿಲ್ಲ. ಕೋಗಿಲೆ ಗೂಡಿನ ಹತ್ತಿರ ಸುಳಿದರೆ ಕೂಗುತ್ತ ಅಟ್ಟಿಸಿಕೊಂಡು ಹೋಗುತ್ತದೆ. ನಿಮ್ಮ ಊರಿನ ಮರಗಳಲ್ಲೂ ಬೇಸಿಗೆಯಲ್ಲಿ ಈ ಜಗಳ ನೋಡಬಹುದು. ಅದರ ಕಾವಲೆಲ್ಲ ಗೂಡಿನ ಹೊರಗೆ. ಒಳಗೆ ಬಾಯಿ ತೆರೆದ ಮರಿಗೆ ಅದು ತುತ್ತು ಕೊಡುತ್ತದೆ, ಗೂಡು ಬಿಟ್ಟು ಕೊಂಬೆಗೆ ಹಾರಿದ ಮೇಲೂ ಹಲವು ದಿನ.